ಸೋಲುತ್ತಿದ್ದ ತಂಡಕ್ಕೆ ಬಸ್ಸು ತುಂಬಿಸಿದ್ದು ಹೀಗೆ

ಬೆಂಗಳೂರು ಫುಟ್ಬಾಲ್ ಲೀಗಿನಲ್ಲಿ ಬಿ ಡಿವಿಷನ್‌ನಿಂದ ಎ ಡಿವಿಷನ್‌ಗೆ ಏರಿದ ಮೊದಲ ವರ್ಷ, ಅರ್ಧ ಲೀಗ್ ಮುಗಿದರೂ ನಮ್ಮ ಹುಡುಗರು ಒಂದೂ ಪಂದ್ಯ ಗೆದ್ದಿರಲಿಲ್ಲ. ಒಂದು ಡ್ರಾ ಬಿಟ್ಟರೆ ಬರೀ ಸೋಲು. ಅದೇ ಕೆಟ್ಟ ದಿನಗಳಲ್ಲಿ ಕೊಡಗಿನಿಂದ ಹೊರಡುವ ಬೆಂಬಲಿಗರ ಬಸ್ಸು ಮತ್ತೆ ತುಂಬಿತು, ಆಮೇಲೆ ಒಂದಿದ್ದದ್ದು ಎರಡಾಯಿತು. ಗೆದ್ದ ಮೇಲೆ ಜನ ಬಂದರು ಅಂತ ಈಗ ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಜನ ಮೊದಲು ಬಂದರು, ಗೆಲುವು ಆಮೇಲೆ ಬಂತು. ಸೀಟು ಪಟ್ಟಿ ನನ್ನ ಪುಸ್ತಕದಲ್ಲಿದೆ, ತಾರೀಖು ಸಮೇತ.

ಇದನ್ನು ತಂಡ ನಡೆಸುವವರಿಗೆ ಬರೆಯುತ್ತಿದ್ದೇನೆ. ರಿಜಿಸ್ಟ್ರೇಷನ್, ಕಿಟ್, ಬೆಂಗಳೂರಿನಲ್ಲಿ ರೂಮು, ಇವೆಲ್ಲ ನಿಮಗೆ ಗೊತ್ತಿರುವ ವಿಷಯ. ನೇರ ಬಸ್ಸಿಗೇ ಬರುತ್ತೇನೆ.

ಪ್ರಮೋಷನ್ ಸಿಕ್ಕಾಗ ಸುಂಟಿಕೊಪ್ಪ ಪೇಟೆಯಲ್ಲಿ ತೆರೆದ ಜೀಪು, ಪಟಾಕಿ, ವಾಲಗ ಎಲ್ಲ ಆಯಿತು. ಮುಂದಿನ ಸೀಸನ್‌ನ ಮೊದಲ ಪಂದ್ಯಕ್ಕೆ ಸೀಟು ಸಿಗದಿದ್ದರೆ ನಿಂತುಕೊಂಡೇ ಬರುತ್ತೇವೆ ಅಂದವರಿದ್ದರು. ಆ ಪಂದ್ಯ 0-3. ಎರಡನೆಯದಕ್ಕೆ ಮೂವತ್ತು ಚಿಲ್ಲರೆ ಜನ, 1-4. ಮೂರನೆಯದಕ್ಕೆ ಬಸ್ಸು ಬೇಡ ಅಂತ ಟಿಟಿ (ಟೆಂಪೋ ಟ್ರಾವೆಲರ್) ಮಾಡಿದೆವು, ಅದರಲ್ಲೂ ಸೀಟು ಉಳಿಯಿತು. ಅದಾದ ಮೇಲೊಂದು ಪಂದ್ಯಕ್ಕೆ ನಾನು, ಖಜಾಂಚಿ, ಇಬ್ಬರು ಆಟಗಾರರ ಅಪ್ಪಂದಿರು, ಇಷ್ಟೇ ಜನ ಒಂದು ಕಾರಿನಲ್ಲಿ ಹೋಗಿ ಬಂದೆವು. ಗ್ಯಾಲರಿಯಲ್ಲಿ ಎದುರು ತಂಡದವರೇ ನಮ್ಮನ್ನು ನೋಡಿ ಪಾಪ ಅನ್ನುವ ಹಾಗಾಯಿತು.

ಕಮಿಟಿಯ ಹಿರಿಯರದ್ದು ಒಂದೇ ಮಾತು: ‘ಸೋತರೆ ಯಾರಪ್ಪ ಬರ್ತಾರೆ? ಮೊದಲು ಗೆಲ್ಲಿ, ಜನ ತಾವಾಗಿ ಬರ್ತಾರೆ.’ ಗೆಲ್ಲುವುದಕ್ಕೆ ಅಂತ ಸೀಸನ್ ಶುರುವಾಗುವ ಮೊದಲೇ ಹೊರಗಿನ ಐದು ಆಟಗಾರರನ್ನು ರಿಜಿಸ್ಟರ್ ಮಾಡಿಸಿದ್ದರು. ಆಟದ ಹಣ, ಓಡಾಟ, ಊಟ ಸೇರಿ ತಲೆಗೆ ಪಂದ್ಯಕ್ಕೆ ನಾಲ್ಕು ಸಾವಿರದ ಹತ್ತಿರ. ಅಂದರೆ ಪ್ರತಿ ಪಂದ್ಯಕ್ಕೂ ಇಪ್ಪತ್ತು ಸಾವಿರ ಅಲ್ಲೇ ಹೋಯಿತು. ಅವರು ಕೆಟ್ಟ ಆಟಗಾರರಲ್ಲ. ಪಂದ್ಯದ ಹಿಂದಿನ ಸಂಜೆ ಬಂದು, ಪಂದ್ಯ ಮುಗಿದ ಅರ್ಧ ಗಂಟೆಯಲ್ಲಿ ಹೋಗಿಬಿಡುವವರು. ಬೇಸಿಗೆಯ ಸೆವೆನ್ಸ್ (ಏಳೇಳು ಜನ ಆಡುವ) ಟೂರ್ನಿಗೆ ಅದು ನಡೆಯುತ್ತದೆ. ತಿಂಗಳುಗಟ್ಟಲೆ ನಡೆಯುವ ಲೀಗಿಗೆ ನಡೆಯಲಿಲ್ಲ. ಐದೂ ಜನ ಆಡಿದ ದಿನವೇ ಅತಿ ದೊಡ್ಡ ಸೋಲು ಬಂತು.

ಜನ ಸೋಲಿಗೆ ಹೆದರಿ ಓಡಿಹೋಗುತ್ತಾರೆ ಅನ್ನುವುದನ್ನು ನಾನು ಯಾವತ್ತೂ ನಂಬಿದವನಲ್ಲ. ಕೊಡಗಿನಲ್ಲಿ ಕೂತು ಅದನ್ನು ನಂಬುವುದಾದರೂ ಹೇಗೆ? ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಆಡಿದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ಒಕ್ಕಗಳು, ಅಂದರೆ ಕೊಡವ ಮನೆತನಗಳು, ಆಡಿದವು. ನಾಕೌಟ್ ಅಂದಮೇಲೆ ಅದರಲ್ಲಿ 359 ತಂಡ ಸೋತೇ ಮನೆಗೆ ಹೋಗುವುದು. ಆದರೂ ಮುಂದಿನ ವರ್ಷ ಅಜ್ಜಿಯಿಂದ ಹಿಡಿದು ಮೊಮ್ಮಗುವಿನ ತನಕ ಮತ್ತೆ ಮೈದಾನದಲ್ಲಿ ಹಾಜರು. ಯಾಕೆಂದರೆ ಆಡುತ್ತಿರುವುದು ಅವರ ಒಕ್ಕ, ಅವರ ಮನೆಯ ಹುಡುಗ. ನಮ್ಮ ಫುಟ್ಬಾಲ್ ತಂಡದಲ್ಲಿ ಕೊಡವರಿದ್ದಾರೆ, ಗೌಡರಿದ್ದಾರೆ, ಮಾಪಿಳ್ಳೆ ಮುಸ್ಲಿಮರಿದ್ದಾರೆ, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ತಮಿಳು ಹುಡುಗರಿದ್ದಾರೆ. ಇಷ್ಟು ಮನೆಗಳ ಮಕ್ಕಳನ್ನು ಇಟ್ಟುಕೊಂಡು ನಾವು ಅವರನ್ನೇ ಬೆಂಚಿನಲ್ಲಿ ಕೂರಿಸಿದ್ದೆವು.

ಹಿಂದಿನ ಸೀಸನ್‌ನ ಸೀಟು ಪಟ್ಟಿ ತೆಗೆದು, ಬರುವುದು ನಿಲ್ಲಿಸಿದವರಿಗೆಲ್ಲ ಫೋನ್ ಮಾಡಿದೆ. ಫೋನ್ ಎತ್ತದವರ ಮನೆಗೆ ಬೈಕಿನಲ್ಲಿ ಹೋದೆ. ಯಾಕೆ ಬರುತ್ತಿಲ್ಲ ಅಂತ ಕೇಳಿದರೆ ಯಾರೂ ಬಾಯಿಬಿಡುವುದಿಲ್ಲ, ‘ಕೆಲಸ ಅಣ್ಣ’ ಅನ್ನುತ್ತಾರೆ. ಮೊದಲು ಏನು ಕೇಳಬೇಕು ಅನ್ನುವುದಕ್ಕೆ ಒಂದು ಪ್ರಶ್ನೆ ಇದೆ, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಪ್ರಶ್ನೆ ಕೇಳಿದರೆ ಎರಡು ನಿಮಿಷದಲ್ಲಿ ನಿಜವಾದ ಕಾರಣ ಹೊರಗೆ ಬರುತ್ತದೆ. ಸೋಲುತ್ತೀರಿ, ಅದಕ್ಕೇ ಬರುವುದಿಲ್ಲ ಅಂದವರು ನಾಲ್ಕೈದು ಜನ ಮಾತ್ರ. ಮಿಕ್ಕವರದ್ದು ಬೇರೆಯೇ ಕಥೆ.

ಅಭ್ಯತ್‌ಮಂಗಲದ ತೋಟದಲ್ಲಿ ಕೆಲಸ ಮಾಡುವ ಒಬ್ಬ ಹೇಳಿದ್ದು ಹೀಗೆ: ‘ಅಣ್ಣ, ಬರುವ ಆಸೆ ಉಂಟು. ನೀವು ರಾತ್ರಿ ಹನ್ನೆರಡಕ್ಕೆ ಪೇಟೆಯಲ್ಲಿ ಇಳಿಸಿ ಹೋಗ್ತೀರಿ. ಅಲ್ಲಿಂದ ಲೈನಿಗೆ ನಡೆದೇ ಹೋಗ್ಬೇಕು. ದಾರಿಯಲ್ಲಿ ಆನೆ ನಿಂತಿದ್ರೆ ಎಲ್ಲಿಗೆ ಓಡೋದು?’ ಆನೆಕಾಡು, ನೆಲ್ಯಹುದಿಕೇರಿ, ಸಿದ್ದಾಪುರ ಕಡೆಯ ರಾತ್ರಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದ ವರ್ಷ ಹುಮ್ಮಸ್ಸಿನಲ್ಲಿ ಹೇಗೋ ಹೋಗುತ್ತಿದ್ದರು. ಸೋಲು ಶುರುವಾದ ಮೇಲೆ ಮನೆಯಲ್ಲಿ ಹೆಂಗಸರು ಬಿಡಲಿಲ್ಲ, ಅದು ಸರಿಯೇ. ಇನ್ನು ಕೆಲವರದ್ದು ಕಾಫಿ ಕುಯ್ಲು. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ. ವಾರದ ನಡುವೆ ಪಂದ್ಯ ಇಟ್ಟರೆ ಒಂದು ದಿನದ ಕೂಲಿ ಹೋಯಿತು. ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು: ‘ನಮ್ಮ ಹುಡುಗ ಆಡುವುದಿಲ್ಲವಲ್ಲ, ಯಾರನ್ನು ನೋಡುವುದಕ್ಕೆ ಬರಲಿ?’

ಈ ಪಟ್ಟಿ ಹಿಡಿದು ಕಮಿಟಿಗೆ ಹೋದೆ. ಮೂರು ಬೇಡಿಕೆ. ಹೊರಗಿನ ಐವರಲ್ಲಿ ಇಬ್ಬರು ಸಾಕು, ಸ್ಟಾಪರ್ (ಹಿಂದೆ ನಡುವೆ ನಿಂತು ತಡೆಯುವವನು) ಮತ್ತು ಮಿಡ್‌ಫೀಲ್ಡ್‌ನವನು. ಉಳಿದ ಹನ್ನೆರಡು ಸಾವಿರವನ್ನು ಬಸ್ಸಿಗೆ ಕೊಡಿ. ಹನ್ನೊಂದರಲ್ಲಿ ಕಡಿಮೆ ಅಂದರೂ ಏಳು ನಮ್ಮ ಹುಡುಗರು, ಫಲಿತಾಂಶ ಏನೇ ಬರಲಿ. ಸಭೆಯಲ್ಲಿ ದೊಡ್ಡ ಗಲಾಟೆ ಆಯಿತು. ಬೆಂಬಲಿಗರನ್ನು ಉಳಿಸುವುದಕ್ಕೆ ಹೋಗಿ ತಂಡವನ್ನೇ ಬಿ ಡಿವಿಷನ್‌ಗೆ ಇಳಿಸುತ್ತೀಯ ಅಂದರು. ಆಗ ನಾನು ಇಂಗ್ಲೆಂಡಿನ ಡರ್ಬಿ ಕೌಂಟಿ ತಂಡದ ಲೆಕ್ಕ ಮುಂದಿಟ್ಟೆ. 2007-08ರಲ್ಲಿ ಪ್ರೀಮಿಯರ್ ಲೀಗಿಗೆ ಏರಿದ ಆ ತಂಡ ಇಡೀ ಸೀಸನ್‌ನಲ್ಲಿ ಗೆದ್ದದ್ದು ಒಂದೇ ಪಂದ್ಯ, ಗಳಿಸಿದ್ದು 11 ಅಂಕ. ಆದರೂ ಅವರ ಪ್ರೈಡ್ ಪಾರ್ಕ್ ಮೈದಾನಕ್ಕೆ ಸರಾಸರಿ 32 ಸಾವಿರದ ಮೇಲೆ ಜನ ಬಂದರು, ಹೆಚ್ಚು ಕಡಿಮೆ ಕ್ರೀಡಾಂಗಣ ಪೂರ್ತಿ. ಸೋತರೆ ಜನ ಬರುವುದಿಲ್ಲ ಅನ್ನುವವರು ಇದಕ್ಕೆ ಉತ್ತರ ಕೊಡಿ ಅಂದೆ. ಏರಿದ ತಂಡ ಸೋಲುವುದು ಅವಮಾನವೂ ಅಲ್ಲ: 2023-24ರಲ್ಲಿ ಲೂಟನ್, ಬರ್ನ್ಲಿ, ಶೆಫೀಲ್ಡ್ ಯುನೈಟೆಡ್; 2024-25ರಲ್ಲಿ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್. ಎರಡೂ ವರ್ಷ ಏರಿದ ಮೂರಕ್ಕೆ ಮೂರೂ ಇಳಿದವು. ಕೋಟಿಗಟ್ಟಲೆ ಸುರಿದವರಿಗೇ ಹಾಗಾಗಿರುವಾಗ ನಮ್ಮ ಇಪ್ಪತ್ತು ಸಾವಿರ ಎಲ್ಲಿಯ ಮಾತು. ಖಜಾಂಚಿ ನನ್ನ ಕಡೆ ಬಂದರು, ಹಿರಿಯರು ಅರೆಮನಸ್ಸಿನಲ್ಲಿ ‘ನಾಲ್ಕು ಪಂದ್ಯ ನೋಡೋಣ’ ಅಂದರು.

ಕೆಲಸ ಶುರುವಾಯಿತು. ಒಂದು ಪಂದ್ಯ, ಒಂದು ಊರು. ಸುಂಟಿಕೊಪ್ಪಕ್ಕೆ ಒಂದು, ಕುಶಾಲನಗರಕ್ಕೆ ಒಂದು, ಸಿದ್ದಾಪುರ-ನೆಲ್ಯಹುದಿಕೇರಿಗೆ ಸೇರಿ ಒಂದು, ಅಮ್ಮತ್ತಿಗೆ ಒಂದು, ಮಡಿಕೇರಿಗೆ ಒಂದು. ಆ ಊರಿನವರೇ ಸೀಟು ತುಂಬಿಸಬೇಕು, ಆ ಊರಿನ ಮನೆಗಳಿಂದಲೇ ಆಟಗಾರರಿಗೂ ಬಂದವರಿಗೂ ಊಟ. ಅಮ್ಮತ್ತಿಯವರು ಕಡಂಬುಟ್ಟು, ಕೋಳಿ ಕರಿ ತಂದರು. ಸಿದ್ದಾಪುರದವರು ಪತ್ತಿರಿ ಕಟ್ಟಿಸಿಕೊಂಡು ಬಂದರು. ಸುಂಟಿಕೊಪ್ಪದವರ ಅಕ್ಕಿರೊಟ್ಟಿ ಮಂಡ್ಯ ದಾಟುವವರೆಗೂ ಮುಗಿಯಲಿಲ್ಲ. ಪಂದ್ಯ ಮುಗಿದ ಮೇಲೆ ಬಸ್ಸಿನ ಪಕ್ಕ ನಿಂತೇ ಎಲ್ಲರೂ ಒಟ್ಟಿಗೆ ಊಟ, ಸೋತರೂ ಸರಿ. ಒಂದು ಊರು ಚೆನ್ನಾಗಿ ಮಾಡಿದರೆ ಮುಂದಿನ ಊರು ಅದಕ್ಕಿಂತ ಒಂದು ಕೈ ಮೇಲೆ ಮಾಡುತ್ತದೆ. ನಾನು ಯಾರಿಗೂ ಹೇಳಬೇಕಾಗಲಿಲ್ಲ.

ವಾಪಸ್ ಬರುವಾಗ ಆಟಗಾರರು ಬೆಂಬಲಿಗರ ಬಸ್ಸಿನಲ್ಲೇ. ಇದಕ್ಕೆ ಕೋಚ್ ಕೂಡ ಒಪ್ಪಿರಲಿಲ್ಲ. ಸೋತು ಬಂದ ಹುಡುಗರನ್ನು ಜನ ಬೈದು ಅಳಿಸುತ್ತಾರೆ ಅನ್ನುವ ಭಯ. ಅದಕ್ಕೊಂದು ಕಟ್ಟಳೆ ಮಾಡಿದೆ: ಮದ್ದೂರು ದಾಟುವವರೆಗೆ ಪಂದ್ಯದ ಮಾತು ಯಾರೂ ಎತ್ತಬಾರದು. ಮದ್ದೂರು ದಾಟಿ ಟೀ ಕುಡಿದ ಮೇಲೆ ಯಾರು ಏನು ಬೇಕಾದರೂ ಕೇಳಬಹುದು, ಹುಡುಗರು ಉತ್ತರ ಕೊಡಬೇಕು. ಮೊದಲ ಸಲ ನಮ್ಮ ಗೋಲ್‌ಕೀಪರನ್ನು ಒಬ್ಬರು ಹಿರಿಯರು ಕೇಳಿಯೇಬಿಟ್ಟರು, ‘ಮೋನೆ, ಆ ಎರಡನೇ ಗೋಲಿಗೆ ಯಾಕೆ ಮುಂದೆ ಓಡಿದೆ?’ ಅವನು ಎದ್ದು ನಿಂತು, ಸೀಟಿನ ಮೇಲೆ ನೀರಿನ ಬಾಟಲಿ ಇಟ್ಟು, ಎದುರಾಳಿ ಎಲ್ಲಿದ್ದ, ನಮ್ಮ ಬ್ಯಾಕ್ ಎಲ್ಲಿದ್ದ ಅಂತ ತೋರಿಸಿದ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಅರ್ಧ ಬಸ್ಸು ಅವನ ಪರ ವಾದ ಮಾಡುತ್ತಿತ್ತು. ಆವತ್ತು 0-2 ಸೋತಿದ್ದೆವು. ಆ ಬಸ್ಸಿನಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನ, ತಮ್ಮ ಊರಿನ ಸರದಿ ಅಲ್ಲದಿದ್ದರೂ, ಮುಂದಿನ ಪಂದ್ಯಕ್ಕೂ ಹೆಸರು ಕೊಟ್ಟರು. ಈ ಒಂದು ಉಪಾಯಕ್ಕೆ ನನಗೆ ನಿಜವಾಗಿ ಹೆಮ್ಮೆ ಇದೆ.

ಮುಂದಿನ ಎರಡು ಸಾಲು ಆಟಗಾರರ ಅಮ್ಮಂದಿರಿಗೆ, ಮಕ್ಕಳಿಗೆ ಮೀಸಲು. ಅಮ್ಮಂದಿರು ಗ್ಯಾಲರಿಯಲ್ಲಿ ಕೂತ ದಿನದಿಂದ ಹುಡುಗರನ್ನು ಹೆಸರು ಹಿಡಿದು ಬೈಯುವುದು ನಿಂತಿತು. ನಾವು ಬೋರ್ಡು ಹಾಕಿದ್ದರೆ ಅದು ನಿಲ್ಲುತ್ತಿರಲಿಲ್ಲ.

ರಾತ್ರಿ ಮನೆ ಮುಟ್ಟಿಸುವ ವ್ಯವಸ್ಥೆಗೆ ಎರಡು ಜೀಪು. ಒಂದು ಕುಶಾಲನಗರದಿಂದ ಸಿದ್ದಾಪುರ ರಸ್ತೆಗೆ, ಇನ್ನೊಂದು ಸುಂಟಿಕೊಪ್ಪದಿಂದ ತೋಟಗಳ ಒಳಗಿನ ದಾರಿಗೆ. ಎರಡಕ್ಕೂ ಸೇರಿ ಎರಡೂವರೆ ಸಾವಿರದ ಆಸುಪಾಸು. ಲೈನ್ ಮನೆಯ ಬಾಗಿಲಿನಲ್ಲೇ ಇಳಿಸಬೇಕು, ರಸ್ತೆಯಲ್ಲಿ ಅಲ್ಲ. ಖರ್ಚಿನಲ್ಲಿ ಇದೇ ಅತಿ ಚಿಕ್ಕದು, ಕೆಲಸದಲ್ಲಿ ಇದೇ ಅತಿ ದೊಡ್ಡದು. ಜೀಪು ಇದೆ ಅಂತ ಗೊತ್ತಾದ ಮೇಲೆ ಅಭ್ಯತ್‌ಮಂಗಲದಿಂದ ಒಂದೇ ಸಲಕ್ಕೆ ಹತ್ತು ಹನ್ನೆರಡು ಜನ ಬಂದರು.

ದುಡ್ಡಿನ ಮಾತು ಬಿಡಿಸಿಯೇ ಹೇಳುತ್ತೇನೆ. ಬಸ್ಸಿಗೆ ಹೋಗಿ ಬರುವುದಕ್ಕೆ ಎಲ್ಲ ಸೇರಿ 28 ಸಾವಿರ ಕೇಳುತ್ತಿದ್ದರು. ತಲೆಗೆ 300 ಇಟ್ಟೆವು, ಶಾಲಾ ಮಕ್ಕಳಿಗೆ ಬಿಟ್ಟಿ. ತುಂಬಿದ ಬಸ್ಸಿನಲ್ಲಿ ಸಿಗುತ್ತಿದ್ದದ್ದು ಹನ್ನೆರಡು ಹದಿಮೂರು ಸಾವಿರ. ಆಟಗಾರರಿಂದ ಉಳಿದ ಹನ್ನೆರಡು ಸೇರಿಸಿದರೂ ಜೀಪೂ ಸೇರಿ ಪಂದ್ಯಕ್ಕೆ ಐದಾರು ಸಾವಿರ ಖೋತಾ. ಮೊದಲು ಜೆರ್ಸಿ ಮಾರಿ ನೋಡಿದರು. ನೂರು ಹೊಲಿಸಿ ಮೂವತ್ತು ಮಾರಿದ್ದು, ಉಳಿದದ್ದು ಇನ್ನೂ ಖಜಾಂಚಿಯ ಮನೆಯ ಅಟ್ಟದಲ್ಲಿದೆ. ಸೀಸನ್ ಕಾರ್ಡು ಅಂತ ಸಾವಿರ ರೂಪಾಯಿಯದ್ದು ಮಾಡಿದರು, ಕಮಿಟಿಯವರೇ ಕೊಂಡರು. ರಸೀದಿ ಪುಸ್ತಕ ಹಿಡಿದು ಅಂಗಡಿಗೆ ಹೋದರೆ ನೂರರ ನೋಟು ಕೊಟ್ಟು ಕಳಿಸುತ್ತಾರೆ, ಅವರನ್ನು ದೂರಿ ಫಲವಿಲ್ಲ, ದಿನಾ ಒಬ್ಬರು ಬರುತ್ತಾರೆ.

ಕೈ ಹಿಡಿದದ್ದು ಕಾಫಿ. ಬೆಳೆಗಾರರ ಹತ್ತಿರ ನಗದು ಕೇಳಬೇಡಿ, ಕಣದಲ್ಲಿ ಒಣಗುತ್ತಿರುವ ಚೆರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಐದು ಕಿಲೋ ಕೇಳಿ. ಆಗ ರೊಬಸ್ಟಾ ಚೆರಿ ಐವತ್ತು ಕಿಲೋ ಚೀಲಕ್ಕೆ ಹತ್ತು ಸಾವಿರದ ಸುತ್ತಮುತ್ತ ಇತ್ತು. ಐದು ಕಿಲೋ ಅಂದರೆ ಸಾವಿರ ರೂಪಾಯಿ. ಸಾವಿರ ರೂಪಾಯಿ ಕೊಡಲು ಯೋಚಿಸುವವರು ಐದು ಕಿಲೋ ಚೆರಿಯನ್ನು ನಗುತ್ತಾ ಅಳೆದು ಕೊಡುತ್ತಾರೆ, ಕೆಲವರು ಹತ್ತು ಕಿಲೋ ಸುರಿದರು. ಎಪ್ಪತ್ತರ ಹತ್ತಿರ ಮನೆಗಳಿಂದ ಏಳೆಂಟು ಚೀಲ ಆಯಿತು, ಎಪ್ಪತ್ತು ಸಾವಿರದ ಮೇಲೆ ಬಂತು. ಎರಡನೇ ಬಸ್ಸು ಬಂದದ್ದು ಇದರಿಂದ. ಬಸ್ಸಿನ ಬಾಡಿಗೆಯನ್ನು 28ರಿಂದ ಇಳಿಸಿದ್ದು ಹೇಗೆ ಅಂತ ಬಹಳ ಜನ ಕೇಳಿದ್ದಾರೆ. ಅದು ನನಗೂ ಬಸ್ಸಿನ ಓನರ್‌ಗೂ ಇರುವ ಒಪ್ಪಂದ, ಇಲ್ಲಿ ಬೇಡ.

ಬೇರೆ ಪ್ರಯೋಗಗಳೂ ನಡೆದವು. ವಾಲಗದವರನ್ನು ಒಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋದೆವು, ವಸಂತನಗರದ ಕೊಡವ ಸಮಾಜದ ಕಡೆಯಿಂದಲೂ ಒಂದಷ್ಟು ಜನ ಬಂದರು. ವಾಲಗ ಶುರುವಾದರೆ ಕೊಡಗಿನವರ ಕಾಲು ನಿಲ್ಲುವುದಿಲ್ಲ. ಎಲ್ಲರೂ ಮೈದಾನಕ್ಕೆ ಬೆನ್ನು ಹಾಕಿ ಕುಣಿಯುತ್ತಿದ್ದಾಗ ಗೋಲು ಬಿತ್ತು, ಯಾರೂ ನೋಡಲೇ ಇಲ್ಲ. ಈಗ ವಾಲಗ ಹಾಫ್‌ಟೈಮಿಗೆ ಮತ್ತು ಪಂದ್ಯ ಮುಗಿದ ಮೇಲೆ ಮಾತ್ರ. ಊರಿನಲ್ಲಿ ಉಳಿದವರಿಗಾಗಿ ಮೊಬೈಲಿನಿಂದ ಲೈವ್ ಬಿಟ್ಟು, ಪೇಟೆಯಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಹಾಕಿ ತೋರಿಸಿದ್ದೂ ಆಯಿತು. ನೆಟ್‌ವರ್ಕ್ ಕೈಕೊಟ್ಟಿತು, ಚಿತ್ರ ಬರುವ ಮೊದಲೇ ಯಾರಾದರೂ ಫೋನ್ ಮಾಡಿ ಸ್ಕೋರ್ ಹೇಳಿಬಿಡುತ್ತಿದ್ದರು. ಅದನ್ನು ಬಿಟ್ಟು, ಪಿಯುಸಿ ಓದುವ ಒಬ್ಬಳು ಹುಡುಗಿಗೆ ವಾಟ್ಸಾಪ್‌ನಲ್ಲಿ ಕಾಮೆಂಟರಿ ಬರೆಯಲು ಹೇಳಿದೆವು. ಎಷ್ಟು ಚೆನ್ನಾಗಿ ಬರೆಯುತ್ತಾಳೆ ಅಂದರೆ ಕುಯ್ಲಿನವರು ಗಿಡದ ಬುಡದಲ್ಲಿ ನಿಂತು ಓದುತ್ತಾರೆ. ಪಂದ್ಯ ಮುಗಿದ ಒಂದು ಗಂಟೆಯೊಳಗೆ ಕ್ಯಾಪ್ಟನ್‌ನ ವಾಯ್ಸ್ ಮೆಸೇಜು ಹೋಗಬೇಕು: ಕನ್ನಡದಲ್ಲಿ ಒಂದು, ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆ) ಒಂದು, ಮಲಯಾಳದಲ್ಲಿ ಒಂದು. ಎಲ್ಲಿ ಕೆಟ್ಟಿತು, ಮುಂದಿನ ಪಂದ್ಯಕ್ಕೆ ಏನು ಬದಲಾವಣೆ, ಇಷ್ಟೇ. ರೆಫರಿ ಅನ್ನುವ ಶಬ್ದ ಅದರಲ್ಲಿ ಬರಬಾರದು.

ಮೈದಾನದ ವಿಷಯವನ್ನೂ ಸೇರಿಸುತ್ತೇನೆ. ನಮ್ಮದು ಶಾಲಾ ಮೈದಾನದ ಕೆಂಪು ಮಣ್ಣು, ಬೆಂಗಳೂರು ಫುಟ್ಬಾಲ್ ಸ್ಟೇಡಿಯಂನಲ್ಲಿ ಕೃತಕ ಹುಲ್ಲು. ಅಲ್ಲಿ ಚೆಂಡು ಜಾರುವ ವೇಗಕ್ಕೆ ನಮ್ಮವರ ಮೊದಲ ಟಚ್ ಎರಡು ಮಾರು ದೂರ ಹೋಗುತ್ತಿತ್ತು. ಸೋಲಿಗೆ ಅರ್ಧ ಕಾರಣ ಇದೇ ಅಂತ ನನ್ನ ಲೆಕ್ಕ. ಬೆಳಿಗ್ಗೆ ಆರಕ್ಕೆ ಬಾಡಿಗೆ ಟರ್ಫ್‌ನಲ್ಲಿ ಸ್ಲಾಟ್ ಹಿಡಿದು ವಾರಕ್ಕೆರಡು ಸಲ ಬರೀ ಟ್ರ್ಯಾಪಿಂಗ್, ಪಾಸಿಂಗ್ ಮಾಡಿಸಿದೆವು. ನಮ್ಮ ಮೈದಾನದ ಗುಂಡಿ ತುಂಬುವ ಶ್ರಮದಾನಕ್ಕೆ ಬೆಂಬಲಿಗರನ್ನೇ ಕರೆದೆ. ಜರ್ಮನಿಯ ಯೂನಿಯನ್ ಬರ್ಲಿನ್ ತಂಡದ ಮೈದಾನವನ್ನು 2008-09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೆಂಬಲಿಗರು ತಮ್ಮ ಕೈಯಾರೆ ಕಟ್ಟಿದ್ದು, ಅದೇ ತಂಡ 2019ರಲ್ಲಿ ಅಲ್ಲಿನ ಅಗ್ರ ಲೀಗ್ ಬುಂಡೆಸ್‌ಲಿಗಾಕ್ಕೆ ಏರಿ ಮೊದಲ ಪಂದ್ಯ 0-4 ಸೋತರೂ ಜನ ಕದಲದೆ ನಿಂತದ್ದು, ಇದನ್ನೆಲ್ಲ ಹಾರೆ ಹಿಡಿದವರಿಗೆ ಹೇಳುತ್ತಾ ಮಣ್ಣು ಹೊರಿಸಿದೆ. ತನ್ನ ಕೈಯಿಂದ ಗುಂಡಿ ಮುಚ್ಚಿದವನು ಆ ತಂಡವನ್ನು ಸುಲಭವಾಗಿ ಬಿಡುವುದಿಲ್ಲ. ಆ ಭಾನುವಾರ ಬಂದವರಲ್ಲಿ ಒಬ್ಬರೂ ಆಮೇಲೆ ಪಟ್ಟಿಯಿಂದ ಹೋಗಿಲ್ಲ.

ಹುಡುಗರಿಗೆ ನಾನು ಹೇಳುತ್ತಿದ್ದದ್ದು ಲೆಸ್ಟರ್ ಕಥೆ ಒಂದೇ. 2014-15ರಲ್ಲಿ ಏರಿದ ತಂಡ ತಿಂಗಳುಗಟ್ಟಲೆ ಕೊನೆಯ ಸ್ಥಾನದಲ್ಲಿ ಬಿದ್ದಿತ್ತು, ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳು ಗೆದ್ದು 41 ಅಂಕದೊಂದಿಗೆ ಉಳಿಯಿತು, ಮರುವರ್ಷ ಚಾಂಪಿಯನ್ ಆಯಿತು. ನಮಗೆ ಏಳು ಗೆಲುವು ಬೇಕಿರಲಿಲ್ಲ, ಎರಡು ಮೂರು ಸಾಕಿತ್ತು.

ಸಿದ್ದಾಪುರದವರ ಸರದಿಯ ದಿನ ಮೊದಲ ಸಲ ಎರಡು ಬಸ್ಸು ಹೊರಟಿತು. ಆವತ್ತೂ 0-1 ಸೋಲು. ಆದರೆ ಕೊನೆಯ ಸೀಟಿ ಊದಿದಾಗ ನೂರರ ಹತ್ತಿರ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಎದುರು ತಂಡದ ಮ್ಯಾನೇಜರ್ ಬಂದು ‘ಇಷ್ಟು ಜನರನ್ನು ಎಲ್ಲಿಂದ ತಂದ್ರಿ?’ ಅಂತ ಕೇಳಿದರು. ಅದರ ಮುಂದಿನದು ಡ್ರಾ. ಅದರ ಮುಂದೆ 2-1 ಗೆಲುವು. ಎರಡನೇ ಗೋಲು ಹೊಡೆದವನು ಬೆಂಚಿನಲ್ಲಿ ಕೊಳೆಯುತ್ತಿದ್ದ ಲೈನ್ ಮನೆಯ ಹುಡುಗ. ಅವನ ಅಮ್ಮ ಮುಂದಿನ ಸಾಲಿನಲ್ಲಿದ್ದರು. ಇನ್ನೊಂದೆರಡು ಗೆದ್ದು, ಕೆಳಗಿನಿಂದ ಮೂರನೇ ಸ್ಥಾನದಲ್ಲಿ, ಇಳಿಯುವ ಗೆರೆಗಿಂತ ಎರಡು ಅಂಕ ಮೇಲೆ ಸೀಸನ್ ಮುಗಿಸಿದೆವು. ‘ನಾಲ್ಕು ಪಂದ್ಯ ನೋಡೋಣ’ ಅಂದಿದ್ದ ಹಿರಿಯರು ಕೊನೆಯ ಪಂದ್ಯಕ್ಕೆ ತಾವೇ ಹಿಂದಿನ ಸೀಟಿನಲ್ಲಿ ಕೂತು ಬಂದರು, ಮದ್ದೂರಿನ ಕಟ್ಟಳೆಯನ್ನೂ ಪಾಲಿಸಿದರು.

ಲೆಕ್ಕ ಮುಗಿಸಿದಾಗ ಹದಿನೈದು ಸಾವಿರದಷ್ಟು ಕೈಯಿಂದ ಹೋಗಿತ್ತು. ಪ್ರಮೋಷನ್ ವರ್ಷ ಹೋದದ್ದು ಲಕ್ಷದ ಮೇಲೆ. ಈ ಸಲ ಊರು ಹಂಚುವ ಸಭೆಯನ್ನು ಕೈಲ್ ಪೊಳ್ದ್ ಹಬ್ಬ ಮುಗಿದ ವಾರವೇ ಇಟ್ಟಿದ್ದೇವೆ. ನಾಪೋಕ್ಲು, ಮೂರ್ನಾಡು, ವಿರಾಜಪೇಟೆಯವರು ಹೊಸದಾಗಿ ಹೆಸರು ಕೊಟ್ಟಿದ್ದಾರೆ. ವಿರಾಜಪೇಟೆಗೆ ಜೀಪಿನ ದಾರಿ ಬೇರೆ ಆಗುತ್ತದೆ, ಅದಕ್ಕೆ ಇನ್ನೊಬ್ಬ ಡ್ರೈವರ್ ಬೇಕು. ರಾತ್ರಿ ಓಡಿಸಿ ಅಭ್ಯಾಸ ಇರುವವರು, ಆನೆ ಕಂಡರೆ ಹಾರ್ನ್ ಹೊಡೆಯದೆ ನಿಲ್ಲಿಸುವವರು ಇದ್ದರೆ ಭಾನುವಾರ ಬೆಳಿಗ್ಗೆ ಪ್ರಾಕ್ಟೀಸ್ ಹೊತ್ತಿಗೆ ಮೈದಾನಕ್ಕೆ ಬನ್ನಿ. ಸೀಟು ಪಟ್ಟಿಯ ಪುಸ್ತಕವೂ ಅಲ್ಲೇ ಇರುತ್ತದೆ.